ಹೆಬ್ಬಾವಿನ ಕಾವು ಅಳೆದ ವಲಾನ್ಸಿಯೆನ್

ಭಾಲ್ಕಿ, ಔರಾದ್ ತಾಲ್ಲೂಕುಗಳ ಮೀನು ಸಾಕಣೆದಾರರಿಗೆ ಹುಲ್ಲುಗೆಂಡೆ, ಬೆಳ್ಳಿಗೆಂಡೆ ಅಪರಿಚಿತವಲ್ಲ. ಚೀನಾ ಮೂಲದ ಈ ಎರಡೂ ಮೀನುಗಳಿಗೆ 1844ರಲ್ಲಿ ಶಾಸ್ತ್ರೀಯ ಹೆಸರು ನೀಡಿದವರು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಅಶಿಲ್ ವಲಾನ್ಸಿಯೆನ್. ಮತ್ಸ್ಯಶಾಸ್ತ್ರದ ಪಂಡಿತರೆಂದೇ ಜಗತ್ತು ಅವರನ್ನು ಸ್ಮರಿಸುತ್ತದೆ. ಆದರೆ ಅವರು ತಮ್ಮ ಕಾಲದ ವಿದ್ವಾಂಸರ ಅಪನಂಬಿಕೆಗೆ ಎದುರಾಗಿ ನಿಂತದ್ದು ಮೀನಿನ ವಿಷಯದಲ್ಲಿ ಅಲ್ಲ, ಮೊಟ್ಟೆಗಳ ಮೇಲೆ ಸುತ್ತಿ ಮಲಗಿದ ಒಂದು ಹೆಬ್ಬಾವಿನ ವಿಷಯದಲ್ಲಿ.

ವಲಾನ್ಸಿಯೆನ್ 1794ರ ಆಗಸ್ಟ್ 9ರಂದು ಪ್ಯಾರಿಸ್‌ನಲ್ಲಿ ಜನಿಸಿದರು. ತಂದೆ ಅಲ್ಲಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಸಹಾಯಕರಾಗಿದ್ದರು. ಅವರ ಅಕಾಲ ಮರಣದಿಂದ ಸಂಸಾರದ ಹೊಣೆ ಮಗನ ಹೆಗಲೇರಿತು. ಉನ್ನತ ವ್ಯಾಸಂಗದ ಆಸೆಯನ್ನು ಬದಿಗಿಟ್ಟ ತರುಣ ಅದೇ ಸಂಗ್ರಹಾಲಯದಲ್ಲಿ ಕೆಳದರ್ಜೆಯ ನೌಕರಿಗೆ ಸೇರಿದರು. ಮಹಾನ್ ಪ್ರವಾಸಿ ಹಂಬೋಲ್ಟ್ ಅಮೆರಿಕ ಖಂಡದಿಂದ ತಂದ ಪ್ರಾಣಿಗಳನ್ನು ವರ್ಗೀಕರಿಸುವ ಕೆಲಸ ಅವರಿಗೆ ಒದಗಿ, ಇಬ್ಬರ ನಡುವೆ ಜೀವನಪರ್ಯಂತದ ಸ್ನೇಹ ಬೆಳೆಯಿತು. ಬಳಿಕ ಪ್ರಖ್ಯಾತ ಕುವಿಯೆ ಜೊತೆಗೂಡಿ ಮೀನುಗಳ ಬೃಹತ್ ಗ್ರಂಥಮಾಲೆಯನ್ನು ಆರಂಭಿಸಿದರು. 1832ರಲ್ಲಿ ಕುವಿಯೆ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1828ರಿಂದ 1849ರವರೆಗೆ 22 ಸಂಪುಟಗಳು ಹೊರಬಂದವು.

ಹೆಬ್ಬಾವಿನ ಪ್ರಸಂಗದ ಬೀಜ ಇರುವುದು ಭಾರತದಲ್ಲಿ. ಇಲ್ಲಿ ಸಂಚರಿಸಿ ಮರಳಿದ್ದ ಲಮಾರ್ ಪಿಕೊ ಎಂಬ ಫ್ರೆಂಚ್ ಪ್ರವಾಸಿ, ಹೆಣ್ಣು ಹೆಬ್ಬಾವು ಕೋಳಿಯಂತೆ ಮೊಟ್ಟೆಗಳಿಗೆ ಕಾವು ಕೊಡುತ್ತದೆ, ಆಗ ಅದರ ಮೈ ಬಿಸಿಯಾಗುತ್ತದೆ ಎಂದು 1830ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ವರದಿ ಮಾಡಿದರು. ಹಾವು ಶೀತರಕ್ತದ ಪ್ರಾಣಿ. ಸುತ್ತಲಿನ ಬಿಸಿಯೇ ಅದರ ಬಿಸಿ. ಹೀಗಿರುವಾಗ ಅದು ಕಾವು ಕೊಡುವುದೆಂತು? ಸರೀಸೃಪ ತಜ್ಞ ದುಮೆರಿಲ್ ಈ ಮಾತನ್ನು ನಂಬಲರ್ಹವಲ್ಲವೆಂದು ತಳ್ಳಿಹಾಕಿದರು. ದೂರದೇಶದ ಕಟ್ಟುಕಥೆಗಳ ಸಾಲಿಗೆ ಅದೂ ಸೇರಿತು.

1841ರ ಮೇ 6ರಂದು ಪ್ಯಾರಿಸ್ ಸಂಗ್ರಹಾಲಯದ ಮೃಗಶಾಲೆಯಲ್ಲಿದ್ದ ಹೆಬ್ಬಾವೊಂದು 15 ಮೊಟ್ಟೆಗಳನ್ನಿಟ್ಟಿತು. ಅವನ್ನು ಒತ್ತಟ್ಟಿಗೆ ಸೇರಿಸಿ, ಸುತ್ತಲೂ ಮೈಯನ್ನು ಸುರುಳಿ ಸುರುಳಿಯಾಗಿ ಸುತ್ತಿ, ತುದಿಯಲ್ಲಿ ತಲೆಯಿಟ್ಟು ಮಲಗಿತು. ಮೊಟ್ಟೆಗಳು ಕಣ್ಣಿಗೇ ಬೀಳದಂತಾದವು. ವಲಾನ್ಸಿಯೆನ್ ವಾದಕ್ಕಿಳಿಯಲಿಲ್ಲ, ಸುರುಳಿಗಳ ನಡುವೆ ಉಷ್ಣಮಾಪಕ ತೂರಿಸಿ ಅಳೆಯತೊಡಗಿದರು. ಗೂಡಿನ ಗಾಳಿಗಿಂತ ಹಾವಿನ ಮಡಿಕೆಗಳ ನಡುವಿನ ಬಿಸಿ ಬಹಳ ಹೆಚ್ಚಾಗಿತ್ತು. ಒಮ್ಮೆ ಅದು 41.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಅವಧಿಯಲ್ಲಿ ತಾಯಿ ಹಾವು ಆಹಾರ ಮುಟ್ಟಲಿಲ್ಲ, ನೀರು ಮಾತ್ರ ಕುಡಿಯಿತು. 56 ದಿನಗಳ ಕಾವಿನ ನಂತರ ಎಂಟು ಮರಿಗಳು ಹೊರಬಂದವು. ಉಳಿದ ಏಳು ಮೊಟ್ಟೆಗಳು ಫಲಿಸಲಿಲ್ಲ.

ಆದರೂ ವಿವಾದ ತಣಿಯಲಿಲ್ಲ. ಬೆಚ್ಚಗಿಟ್ಟ ಗೂಡಿನ ಶಾಖವೇ ಹಾವಿಗೆ ತಾಗಿರಬಹುದು ಎಂಬ ಸಂದೇಹವನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ. 41.5 ಡಿಗ್ರಿಯ ಅಂಕಿ ಇಂದಿನ ತಿಳಿವಳಿಕೆಯಂತೆ ಅತಿಯಾಗಿಯೇ ಕಾಣುತ್ತದೆ. ಹೆಬ್ಬಾವಿನ ಮೊಟ್ಟೆಗಳಿಗೆ ಹಿತವಾದ ಉಷ್ಣಾಂಶ 30ರಿಂದ 33 ಡಿಗ್ರಿಯ ಆಸುಪಾಸಿನದು. 1881ರಲ್ಲಿ ಲಂಡನ್ ಮೃಗಾಲಯದಲ್ಲಿ ಫೋರ್ಬ್ಸ್ ಎಂಬುವರು ಮತ್ತೆ ಅಳೆದು ನೋಡಿದರು. ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ.

ಪ್ಯಾರಿಸ್‌ನ ಆ ಹಾವನ್ನು ಈಗ ಬರ್ಮಾ ಹೆಬ್ಬಾವೆಂದು ಪ್ರತ್ಯೇಕ ಪ್ರಭೇದವಾಗಿ ಪರಿಗಣಿಸಲಾಗುತ್ತದೆ. ದಕ್ಷಿಣ ಭಾರತದ್ದು ಅದರ ಹತ್ತಿರದ ಬಂಧು. ಇದೂ ಬೇಸಿಗೆಯಲ್ಲಿ ಮೊಟ್ಟೆಯಿಟ್ಟು ಸುಮಾರು ಎರಡು ತಿಂಗಳು ಅವನ್ನು ಸುತ್ತಿಕೊಂಡೇ ಇರುತ್ತದೆ. ಭರತಪುರದ ಕೇವಲಾದೇವ ಉದ್ಯಾನದಲ್ಲಿ ಮುಳ್ಳುಹಂದಿಗಳು ತೋಡಿದ ಬಿಲಗಳಲ್ಲಿ ಹೆಬ್ಬಾವುಗಳು ನೆಲೆಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಬೀದರ್‌ನ ಬಿರುಬೇಸಿಗೆಯಂತಹ ಹವೆಯಲ್ಲಿ ಬಿಸಿಗೆ ಕೊರತೆಯಿಲ್ಲ. ಅಲ್ಲಿ ತಾಯಿಯ ಸುರುಳಿ ಮುಖ್ಯವಾಗಿ ಮೊಟ್ಟೆಗಳು ಒಣಗದಂತೆ, ವೈರಿಗಳ ಪಾಲಾಗದಂತೆ ಕಾಯುತ್ತದೆ. ತಾಯಿಯನ್ನು ಹಿಡಿದು ಒಯ್ದರೆ ಮೊಟ್ಟೆಗಳು ಉಳಿಯುವ ಭರವಸೆ ಇಲ್ಲ. ವಿದೇಶಗಳಲ್ಲಿ ಹವ್ಯಾಸಿಗಳು ಹೆಬ್ಬಾವು ಸಾಕಿ, ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿಸುವುದುಂಟು. ಭಾರತದಲ್ಲಿ ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಮನೆಯಲ್ಲಿ ಸಾಕುವುದೂ ಅಪರಾಧ. ಮಾಂಜ್ರಾ ತೀರದ ಹೊಲದಲ್ಲಿ ಮೊಟ್ಟೆ ಸಹಿತ ಹಾವು ಕಂಡರೆ ತಿಳಿಸಬೇಕಾದದ್ದು ಅರಣ್ಯ ಇಲಾಖೆಗೆ.

ವಲಾನ್ಸಿಯೆನ್ 1865ರ ಏಪ್ರಿಲ್ 13ರಂದು ಪ್ಯಾರಿಸ್‌ನಲ್ಲಿಯೇ ನಿಧನರಾದರು. ಕಾವು ಕೂತ ಹೆಣ್ಣು ಹೆಬ್ಬಾವಿನ ಮೈಶಾಖ ಹಾಗೂ ಉಸಿರಾಟ ಎರಡನ್ನೂ ಅಳೆದ ಅಮೆರಿಕದ ವಿಜ್ಞಾನಿಗಳು, ಸುತ್ತಲಿನ ಉಷ್ಣಾಂಶ 33 ಡಿಗ್ರಿಗಿಂತ ಇಳಿದಾಗ ಅದು ಸ್ನಾಯುಗಳನ್ನು ಬಿಟ್ಟು ಬಿಟ್ಟು ಅದುರಿಸಿ ತಾನೇ ಶಾಖ ಹುಟ್ಟಿಸಿಕೊಳ್ಳುತ್ತದೆ ಎಂದು ಸಿದ್ಧಪಡಿಸಿದ್ದು 1966ರಲ್ಲಿ. ಆಗ ಅವರು ತೀರಿಕೊಂಡು 101 ವರ್ಷಗಳಾಗಿದ್ದವು.