ಆಚಾರ್ಯ ಜಗದೀಶಚಂದ್ರ ಬೋಸರು

ಗೋಕರ್ಣದ ತೆಂಕಣಕ್ಕಿರುವ ಓಂ ಬೀಚಿನಲ್ಲಿ ನಿಂತವರಿಗೆ ಮುಂದೆ ಓಂಕಾರಾಕೃತಿಯ ಕಡಲದಂಡೆಯೂ ಹಿಂದೆ ಹಸುರು ಗುಡ್ಡಗಳೂ ಕಾಣುವುವು. ಅಲ್ಲಿಗೆ ದೂರವಲ್ಲದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, 2024ನೆಯ ಜುಲೈ 16ರಂದು, ಮಳೆಯುಂಡ ಗುಡ್ಡವೊಂದು ಹೆದ್ದಾರಿಯ ಮೇಲೆ ಕುಸಿದು ಪ್ರಾಣಗಳನ್ನು ಕೊಂಡುದನ್ನು ವಾಚಕರು ಮರೆತಿರಲಾರರು. ಮಣ್ಣಿನೊಳಗೆ ನೀರಿನ ಒತ್ತಡವೇರುವುದನ್ನು ಅರಿತು ತಂತಿಯಿಲ್ಲದೆ ಸುದ್ದಿ ಕಳುಹುವ ಉಪಕರಣಗಳು ಈಗ ಉಂಟು. ಕೇರಳದ ಮುನ್ನಾರಿನ ಗುಡ್ಡದಲ್ಲಿ ಅವನ್ನು ಹೂಳಿ ನೋಡಿದ್ದಾರೆ. ಸಣ್ಣ ಬ್ಯಾಟರಿಯೇ ಅವುಗಳ ಆಹಾರ. ಕೂಗುವುದಷ್ಟೇ ಅಲ್ಲ, ಕಿವಿದೆರೆದು ಕಾಯುವುದೂ ಅವಕ್ಕೆ ವೆಚ್ಚವೇ. ಆದುದರಿಂದ ಬಹುಹೊತ್ತು ನಿದ್ರಿಸಿ, ಗೊತ್ತಾದ ಕ್ಷಣದಲ್ಲಿ ಎಚ್ಚತ್ತು, ನೆರೆಯ ಉಪಕರಣಕ್ಕೆ ಪಿಸುನುಡಿದು, ಮರಳಿ ಮಲಗುವುದೇ ಅವುಗಳ ನಿಯಮ. ಪಿಸುಮಾತು ಸಾಲಬೇಕಾದರೆ ಕೇಳುವ ಕಿವಿ ಸೂಕ್ಷ್ಮವಾಗಿರಬೇಕು. ಅಂಥ ಕಿವಿಯನ್ನು ಮೊದಲು ಹದಗೊಳಿಸಿದವರಲ್ಲಿ ಬೋಸರು ಅಗ್ರಗಣ್ಯರು.

ಬೋಸರು 1858ನೆಯ ನವೆಂಬರ 30ರಂದು, ಇಂದು ಬಾಂಗ್ಲಾದೇಶದಲ್ಲಿರುವ ಮೈಮನಸಿಂಗದಲ್ಲಿ ಜನಿಸಿದರು. ತಂದೆ ಭಗವಾನಚಂದ್ರರು ಸರಕಾರಿ ಅಧಿಕಾರಿಗಳಾಗಿದ್ದರೂ ಮಗನನ್ನು ಬಂಗಾಲಿ ಶಾಲೆಗೇ ಕಳುಹಿದರು. ಬೆಸ್ತರ ಮಗನೂ ಅಲ್ಲಿ ಆತನ ಒಡನಾಡಿಯಾಗಿದ್ದನು. ಕೇಂಬ್ರಿಜ್ಜಿನಲ್ಲಿ ಓದಿ ಮರಳಿದ ಅವರು 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಭಾರತೀಯನೆಂಬ ಕಾರಣಕ್ಕೆ ಸಂಬಳ ಕಡಿಮೆಯೆಂದಾಗ, ಮೂರು ವರ್ಷ ಒಂದು ಕಾಸನ್ನೂ ಮುಟ್ಟದೆ ಪಾಠ ಹೇಳಿದರು. ಕಡೆಗೆ ಸರಕಾರವು ಹಿಂದಿನ ಬಾಕಿಯೊಡನೆ ಪೂರ್ಣ ವೇತನವನ್ನು ತೆತ್ತಿತು.

ಚಿಕ್ಕದೊಂದು ಕೋಣೆ, ಊರಿನ ತಗಡುಗೆಲಸದವನ ನೆರವು, ಇವೇ ಅವರ ಪ್ರಯೋಗಶಾಲೆ. 1894-95ರ ಸುಮಾರಿಗೆ ಅವರು ಅದೃಶ್ಯ ವಿದ್ಯುದಲೆಗಳನ್ನು ಗೋಡೆಗಳಾಚೆ ಕಳುಹಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ಅಂದಿನ ಗ್ರಾಹಕಗಳನ್ನು ಪ್ರತಿ ಸಂಕೇತದ ತರುವಾಯ ತಟ್ಟಿ ಸರಿಪಡಿಸಬೇಕಾಗಿತ್ತು; 1899ರಲ್ಲಿ ಅವರು, ತಾನೇ ಪೂರ್ವಸ್ಥಿತಿಗೆ ಮರಳುವ ಕಬ್ಬಿಣ-ಪಾದರಸಗಳ ಗ್ರಾಹಕವನ್ನು ಪ್ರಕಟಿಸಿದರು. ಗೆಲೀನಾ ಹರಳಿನ ಗ್ರಾಹಕಕ್ಕೆ 1904ರಲ್ಲಿ ಅಮೇರಿಕೆಯ ಪೇಟೆಂಟು ದೊರೆಯಿತು. ಮಿತ್ರರ ಒತ್ತಾಯಕ್ಕೆ ಮಣಿದು ಪಡೆದ ಆ ಹಕ್ಕಿನಿಂದ ಅವರು ಧನವನ್ನು ಬಯಸಲಿಲ್ಲ. ನಿಸ್ತಂತು ಸಂದೇಶಕ್ಕಾಗಿ 1909ರ ನೊಬೆಲ್ ಪಾರಿತೋಷಕವು ಮಾರ್ಕೋನಿ ಮತ್ತು ಬ್ರೌನರಿಗೆ ಸಂದಿತು. ಬೋಸರು ಅಷ್ಟರಲ್ಲಿ ಅದೇ ಸೂಕ್ಷ್ಮ ಕಿವಿಯನ್ನು ಸಸ್ಯಗಳ ಕಡೆಗೆ ತಿರುಗಿಸಿದ್ದರು. 1917ರಲ್ಲಿ ತಮ್ಮ ಹೆಸರಿನ ವಿಜ್ಞಾನ ಮಂದಿರವನ್ನು ಸ್ಥಾಪಿಸಿ, 1937ನೆಯ ನವೆಂಬರ 23ರಂದು ಗಿರಿಡಿಯಲ್ಲಿ ದಿವಂಗತರಾದರು.

ಅಲ್ಪ ಶಕ್ತಿಯಿಂದ ಮಹತ್ಕಾರ್ಯ ಸಾಧ್ಯವೆಂಬುದನ್ನು ಈ ಜೀವನವು ಸಾರುತ್ತದೆ. ಕರಾವಳಿಯ ಗುಡ್ಡಗಳಲ್ಲಿ ನಾಳೆ ಇಂಥ ಉಪಕರಣಗಳನ್ನು ಹೂಳಬಹುದು. ಅವುಗಳ ಪಿಸುಮಾತು ಕಚೇರಿಯ ಮೇಜನ್ನು ಮುಟ್ಟಿದಾಗ, ಒಡನೆ ರಸ್ತೆ ಮುಚ್ಚಿಸಿ ಜನರನ್ನು ತೆರವುಗೊಳಿಸುವ ಅಧಿಕಾರಿ ಅಲ್ಲಿ ಎಚ್ಚತ್ತಿರಬೇಕು. ಉಪಕರಣಕ್ಕೆ ನಿದ್ರೆ ಗುಣ. ಅಧಿಕಾರಕ್ಕೆ ಅದು ಗುಣವಲ್ಲ.