ಅರ್ಧ ಗೂಡಿನ ಗುಟ್ಟು

ಉಡುತಡಿಯಲ್ಲಿ ನಮ್ಮ ಬಾವಿಯ ಪಕ್ಕದ ಈಚಲು ಮರಕ್ಕೆ ಪ್ರತಿ ಮಳೆಗಾಲ ಗೀಜಗಗಳು ಬರುತ್ತವೆ. ಕೆಲವು ಗೂಡು ಪೂರ್ತಿ, ಕೆಲವು ಅರ್ಧ. ಅರ್ಧದವನ್ನು ಹಕ್ಕಿ ಬಿಟ್ಟುಹೋಗಿದೆ ಎಂದುಕೊಂಡು ಚಿಕ್ಕವನಿದ್ದಾಗ ಕಿತ್ತು ತಂದು ಜಗಲಿಯಲ್ಲಿ ನೇತುಹಾಕುತ್ತಿದ್ದೆ. ನಾನು ಮಾಡಿದ್ದು ಏನೆಂದು ತಿಳಿದದ್ದು ಈಚೆಗೆ, ಸಲೀಂ ಅಲಿಯವರ ಬಗ್ಗೆ ಓದಿದಾಗ.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಏರ್‌ಗನ್ನಿನಿಂದ ಗುಬ್ಬಿ ಹೊಡೆಯುವುದು ಅವರ ಆಟವಾಗಿತ್ತು. (ಕ್ಯಾಟರ್‌ಬಿಲ್ಲು ಹಿಡಿದು ತಿರುಗಿದ ನಾನು ದೂರುವ ಹಾಗಿಲ್ಲ.) ಒಮ್ಮೆ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವುದೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗನಿಗೆ ಕಾರ್ಯದರ್ಶಿ ಮಿಲ್ಲಾರ್ಡ್ ಹೆಸರು ಹೇಳಿದ್ದಷ್ಟೇ ಅಲ್ಲ, ಅಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ತೋರಿಸಿದರು.

ಓದು ಮಾತ್ರ ಕೈಹಿಡಿಯಲಿಲ್ಲ. ಕಾಲೇಜು ಬಿಟ್ಟು ಬರ್ಮಾಕ್ಕೆ ಹೋಗಿ ಮನೆಯವರ ಗಣಿ ವ್ಯವಹಾರ ನೋಡಿಕೊಂಡರು. ಅದೂ ನಷ್ಟ. ಮರಳಿ ಬಂದು ಪ್ರಾಣಿಶಾಸ್ತ್ರ ಕಲಿತರೂ ಪದವಿ ಇರಲಿಲ್ಲ. ಹಾಗಾಗಿ ಸರ್ಕಾರದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೆಲಸ ಕೈತಪ್ಪಿತು. ಎರಡು ಬ್ಯಾಕ್‌ಲಾಗ್ ಇಟ್ಟುಕೊಂಡು ಪ್ಲೇಸ್‌ಮೆಂಟ್ ಫಾರಂ ತುಂಬಲಾಗದೆ ಕುಳಿತಿರುವ ನನಗೆ ಈ ಭಾಗ ಎರಡು ಸಲ ಓದಬೇಕೆನಿಸಿತು.

1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನ ಪ್ರಕೃತಿ ವಿಭಾಗದಲ್ಲಿ ಅವರಿಗೆ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ತಿಂಗಳಿಗೆ 350 ರೂಪಾಯಿ. ಬಂದವರಿಗೆ ಗಾಜಿನ ಹಿಂದಿನ ಪ್ರಾಣಿಗಳ ಕಥೆ ಹೇಳುವುದು ಕೆಲಸ. ಮ್ಯೂಸಿಯಂ ಎಂದರೆ ಅಷ್ಟೇ ಎಂದು ನಾನೂ ತಿಳಿದಿದ್ದೆ. ಜನರಿಗೆ ಕಾಣದ ಡ್ರಾಯರುಗಳಲ್ಲಿ ಹತ್ತಿ ತುಂಬಿದ ಹಕ್ಕಿ ಚರ್ಮಗಳು ಸಾಲಾಗಿ ಮಲಗಿರುತ್ತವೆ. ಪ್ರತಿಯೊಂದರ ಕಾಲಿಗೂ ಒಂದು ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು, ಗಂಡೋ ಹೆಣ್ಣೋ. ಚೀಟಿ ಕಳೆದುಹೋದರೆ ಆ ಹಕ್ಕಿ ರೀಡಿಂಗ್ ಬರೆದಿಡದ ನಮ್ಮ ಲ್ಯಾಬ್ ಪ್ರಯೋಗದ ಹಾಗೆ, ಯಾವ ಲೆಕ್ಕಕ್ಕೂ ಬಾರದು.

ಈ ಒಳಗಿನ ವಿದ್ಯೆ ಕಲಿಯಲು 1928ರಲ್ಲಿ ರಜೆ ಹಾಕಿ ಬರ್ಲಿನ್ನಿಗೆ ಹೋದರು. ಅಲ್ಲಿನ ಮ್ಯೂಸಿಯಂನ ಸ್ಟ್ರೆಸೆಮಾನ್ ಅವರನ್ನು ಕೊನೆಯವರೆಗೂ ಗುರುವೆಂದೇ ಕಂಡರು. 1930ರಲ್ಲಿ ಮರಳಿದರೆ, ಹಣವಿಲ್ಲವೆಂದು ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು!

ಪತ್ನಿ ತೆಹ್ಮೀನಾ ಜೊತೆ ಕಿಹಿಮ್ ಎಂಬ ಕಡಲ ತೀರದ ಹಳ್ಳಿ ಸೇರಿದರು. ಅಲ್ಲಿ ಗೀಜಗಗಳಿದ್ದವು. ಇವರಿಗೋ ಬಿಡುವು ಬೇಕಾದಷ್ಟು. ದಿನವೂ ನೋಡಿದರು, ಬರೆದರು. ಗಂಡು ಗೀಜಗ ಗೂಡನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಗಂಡು ಉಳಿದದ್ದನ್ನು ನೇಯ್ದು ಕೊಳವೆ ಇಳಿಸುತ್ತದೆ. ಆಮೇಲೆ ಇನ್ನೊಂದು ಹೆಣ್ಣಿಗಾಗಿ ಮತ್ತೊಂದು ಗೂಡು ಶುರು. 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಈ ಲೇಖನ ಅವರಿಗೆ ಹೆಸರು ತಂದಿತು. ನಾನು ಕಿತ್ತು ತಂದವು, ಹೆಣ್ಣಿಗಾಗಿ ಕಾಯುತ್ತಿದ್ದ ಗೂಡುಗಳು.

ಆಮೇಲೆ ಸಂಬಳವಿಲ್ಲದೆ, ಖರ್ಚು ಮಾತ್ರ ಪಡೆದು, ಸಂಸ್ಥಾನಗಳ ಹಕ್ಕಿಗಳ ಸರ್ವೆಗೆ ಹೊರಟರು. 1939ರಲ್ಲಿ ತೆಹ್ಮೀನಾ ತೀರಿಕೊಂಡರು. ಆ ದುಃಖದ ನಡುವೆಯೇ ನಮ್ಮ ಮೈಸೂರು ಸಂಸ್ಥಾನದ ಸರ್ವೆ ನಡೆಯಿತು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. ಸರ್ವೆಯಲ್ಲಿ ಚರ್ಮಕ್ಕಾಗಿ ಹಕ್ಕಿಗಳನ್ನು ಹೊಡೆಯುತ್ತಲೂ ಇದ್ದರು. ಹೊಡೆಯದೆ ಹಕ್ಕಿಗಳ ಗುರುತು ಖಚಿತವಾಗದು ಎಂಬುದು ಅವರ ವಾದ. ವಾದ ಅರ್ಥವಾಗುತ್ತದೆ, ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.

1941ರ ಅವರ ಪುಸ್ತಕ ಹಿಡಿದು ಸಾವಿರಾರು ಜನ ಹಕ್ಕಿ ನೋಡಲು ಕಲಿತರು. ರಿಪ್ಲೆ ಜೊತೆ ಬರೆದ ಕೈಪಿಡಿ 10 ಸಂಪುಟಗಳಲ್ಲಿ ಬಂತು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆ. 1987ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.

ಕಳೆದ ವಾರ ಊರಿಗೆ ಹೋಗಿದ್ದೆ. ಈಚಲು ಮರದಲ್ಲಿ ಏಳು ಗೂಡು, ಅದರಲ್ಲಿ ನಾಲ್ಕು ಅರ್ಧ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಕು ಹಾಕಿ ಬರೆದುಕೊಂಡೆ. ಪಕ್ಕದ ಮನೆಯ ಪುಟ್ಟ ಒಂದನ್ನು ಕಿತ್ತುಕೊಡು ಅಂದ. ಹೆಣ್ಣು ಇನ್ನೂ ನೋಡಿ ಹೋಗಿಲ್ಲ ಕಣೋ ಅಂದೆ.