ಆಸ್ಕರ್ ಹೆಡ್‌ಸ್ಟ್ರಾಮ್

ಕಾರ್ಲ್ ಆಸ್ಕರ್ ಹೆಡ್‌ಸ್ಟ್ರಾಮ್ (12 ಮಾರ್ಚ್ 1871 – 29 ಆಗಸ್ಟ್ 1960) ಸ್ವೀಡನ್ ಮೂಲದ ಅಮೆರಿಕನ್ ಯಂತ್ರಶಿಲ್ಪಿ. ಇಂಡಿಯನ್ ಮೋಟಾರ್‌ಸೈಕಲ್‌ನ ಮೊದಲ ವಿನ್ಯಾಸಕಾರರು. ಸೈಕಲ್ಲಿಗೆ ಎಂಜಿನ್ ಜೋಡಿಸುತ್ತಿದ್ದ ಬಹುತೇಕರು ಬೆಲ್ಟನ್ನೇ ನಂಬಿದ್ದ ಕಾಲದಲ್ಲಿ ಹಿಂದಿನ ಚಕ್ರವನ್ನು ಹಲ್ಲುಚಕ್ರ (ಸ್ಪ್ರಾಕೆಟ್) ಮತ್ತು ಚೈನಿನ ಮೂಲಕ ಓಡಿಸಿದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ವೃತ್ತಿ

ಹೆಡ್‌ಸ್ಟ್ರಾಮ್ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯದಲ್ಲಿ ಜನಿಸಿದರು. 1880ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ವಲಸೆ ಬಂದು ಬ್ರೂಕ್ಲಿನ್‌ನಲ್ಲಿ ಬೆಳೆದರು. ಹದಿಹರೆಯದಲ್ಲಿ ಗಡಿಯಾರದ ಕವಚ ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ಸೂಕ್ಷ್ಮ ಲೋಹಗೆಲಸವನ್ನು ಕಲಿತರು. ಬಳಿಕ ಹಗುರವಾದ ಪಂದ್ಯದ ಸೈಕಲ್‌ಗಳನ್ನೂ, ಸೈಕಲ್ ಪಂದ್ಯಗಳಲ್ಲಿ ಸವಾರರ ಮುಂದೆ ಓಡಿ ಗಾಳಿಯ ತಡೆಯನ್ನು ತಗ್ಗಿಸುವ ಎಂಜಿನ್ ಸಹಿತ ಜೋಡಿ ಸೈಕಲ್‌ಗಳನ್ನೂ ನಿರ್ಮಿಸಿದರು. ಅಂದಿನ ಇಂಥ ಬಂಡಿಗಳು ಆಗಾಗ ಕೆಟ್ಟು ನಿಲ್ಲುತ್ತಿದ್ದವು; ಹೆಡ್‌ಸ್ಟ್ರಾಮ್ ಅವರವು ಭರವಸೆಗೆ ಹೆಸರಾಗಿದ್ದವು. ಇದನ್ನು ಗಮನಿಸಿದ ಮಾಜಿ ಸೈಕಲ್ ಚಾಂಪಿಯನ್ ಜಾರ್ಜ್ ಹೆಂಡೀ 1901ರ ಜನವರಿಯಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡರು.

ಮೊದಲ ಇಂಡಿಯನ್

ಕನೆಕ್ಟಿಕಟ್‌ನ ಮಿಡಲ್‌ಟೌನ್‌ನಲ್ಲಿ ಕೆಲವೇ ತಿಂಗಳಲ್ಲಿ ಮೊದಲ ಮಾದರಿ ಸಿದ್ಧವಾಯಿತು. ಸುಮಾರು 1.75 ಅಶ್ವಶಕ್ತಿಯ ಒಂದೇ ಸಿಲಿಂಡರಿನ ಎಂಜಿನ್ನು ಸೀಟಿನ ಕೆಳಗಿನ ಕೊಳವೆಯ ಸ್ಥಾನದಲ್ಲಿ ಚೌಕಟ್ಟಿನ ಭಾಗವಾಗಿಯೇ ಕುಳಿತಿತ್ತು. ಕಾರ್ಬ್ಯುರೇಟರ್ ಕೂಡ ಅವರದೇ ವಿನ್ಯಾಸ.

ಆದರೆ ಹೆಚ್ಚು ಮುಖ್ಯವಾದುದು ಚಾಲನೆಯ ಕ್ರಮ. ಬೆಲ್ಟ್ ಚಾಲನೆಯಲ್ಲಿ ಹಿಂಚಕ್ರಕ್ಕೆ ಅಗಲವಾದ ರಾಟೆಯೊಂದನ್ನು ಕಟ್ಟಿ ಅದರ ಮೇಲೆ ಚರ್ಮದ ಪಟ್ಟಿಯನ್ನು ಬಿಗಿಯುತ್ತಿದ್ದರು. ಹಿಟ್ಟಿನ ಗಿರಣಿಯ ಬೆಲ್ಟ್ ಒದ್ದೆಯಾದಾಗ ಜಾರುವಂತೆ, ಮಳೆಯಲ್ಲಿಯೂ ಏರಿನಲ್ಲಿಯೂ ಅದು ಜಾರುತ್ತಿತ್ತು. ಚೈನು ಜಾರುವುದಿಲ್ಲ, ಆದರೆ ಎಂಜಿನ್ನಿನ ಪ್ರತಿಯೊಂದು ಎಳೆತವನ್ನೂ ಅದು ನೇರವಾಗಿ ಚಕ್ರಕ್ಕೆ ಮುಟ್ಟಿಸುತ್ತದೆ. ಹೀಗಾಗಿ ಹಿಂದಿನ ಹಲ್ಲುಚಕ್ರ ಹಬ್‌ನ ಮಧ್ಯಕ್ಕೆ ಸರಿಯಾಗಿ ಕೂರಬೇಕು, ಮುಂದಿನ ಹಲ್ಲುಚಕ್ರದೊಡನೆ ಒಂದೇ ನೇರದಲ್ಲಿರಬೇಕು. ಸ್ವಲ್ಪ ಓರೆಯಾದರೂ ಚೈನು ಕಳಚುತ್ತದೆ, ಹಲ್ಲುಗಳು ಬೇಗ ಸವೆಯುತ್ತವೆ, ಕಡ್ಡಿಗಳ ಮೇಲೆ ಭಾರ ಬೀಳುತ್ತದೆ. ಸೈಕಲ್ಲಿನ ತೆಳುವಾದ ಚಕ್ರಕ್ಕೆ ಇದು ಸಣ್ಣ ಪರೀಕ್ಷೆಯಲ್ಲ. ಹೆಡ್‌ಸ್ಟ್ರಾಮ್ ಅವರ ಗಡಿಯಾರ ಕಾರ್ಖಾನೆಯ ಪಳಗಿದ ಕೈ ಇಲ್ಲಿ ನೆರವಿಗೆ ಬಂದಿರಬೇಕು. ಪೆಡಲ್‌ಗಳಿಗೆ ಬೇರೆಯೇ ಚೈನು ಇದ್ದು, ಸವಾರನು ತುಳಿದು ಎಂಜಿನ್ನನ್ನು ಚಾಲೂ ಮಾಡಬೇಕಿತ್ತು.

ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಡಿದಾದ ಏರುರಸ್ತೆಯೊಂದನ್ನು ಈ ಬಂಡಿ ಸಾರ್ವಜನಿಕರ ಎದುರು ಏರಿ ತೋರಿಸಿತು. 1903ರಲ್ಲಿ ಸ್ವತಃ ಹೆಡ್‌ಸ್ಟ್ರಾಮ್ ಗಂಟೆಗೆ 56 ಮೈಲಿ (ಸುಮಾರು 90 ಕಿ.ಮೀ.) ವೇಗದ ದಾಖಲೆ ಸ್ಥಾಪಿಸಿದರು. 1911ರ ಐಲ್ ಆಫ್ ಮ್ಯಾನ್ ಟಿ.ಟಿ. ಪಂದ್ಯವು ಮೊದಲ ಬಾರಿಗೆ ಬೆಟ್ಟದ ಹಾದಿಯಲ್ಲಿ ನಡೆದಾಗ, ಚೈನ್ ಚಾಲನೆ ಹಾಗೂ ಎರಡು ಗೇರುಗಳಿದ್ದ ಇಂಡಿಯನ್‌ಗಳು ಹಿರಿಯರ ವಿಭಾಗದ ಮೊದಲ ಮೂರೂ ಸ್ಥಾನಗಳನ್ನು ಪಡೆದವು. ಬೆಲ್ಟ್ ಪಕ್ಷಪಾತಿಗಳಿಗೆ ಇದು ದೊಡ್ಡ ಪೆಟ್ಟಾಯಿತು.

ರಾಜೀನಾಮೆ

ಕಂಪನಿ ಬೆಳೆದಂತೆ ಆಡಳಿತವು ಹೂಡಿಕೆದಾರರ ಹಿಡಿತಕ್ಕೆ ಬಂದಿತು. ಷೇರು ಬೆಲೆಯನ್ನು ಕೃತಕವಾಗಿ ಏರಿಸುವ ಕ್ರಮಗಳ ವಿಷಯದಲ್ಲಿ ಆಡಳಿತ ಮಂಡಳಿಯೊಡನೆ ಭಿನ್ನಾಭಿಪ್ರಾಯ ಉಂಟಾಗಿ, ಹೆಡ್‌ಸ್ಟ್ರಾಮ್ 1913ರ ಮಾರ್ಚ್‌ನಲ್ಲಿ ಹುದ್ದೆ ತೊರೆದರು. ಆಗ ಅವರಿಗೆ ಸುಮಾರು 42ರ ಪ್ರಾಯ. ಆ ವರ್ಷವೇ ಕಂಪನಿಯ ಉತ್ಪಾದನೆ ಸುಮಾರು 32,000 ಬಂಡಿಗಳ ಶಿಖರ ಮುಟ್ಟಿತ್ತು. ಹೆಂಡೀ ಅವರೂ 1916ರಲ್ಲಿ ಹೊರನಡೆದರು.

ಹೆಡ್‌ಸ್ಟ್ರಾಮ್ ಉಳಿದ ಜೀವನವನ್ನು ಕನೆಕ್ಟಿಕಟ್‌ನ ಪೋರ್ಟ್‌ಲೆಂಡ್‌ನಲ್ಲಿ ಕಳೆದು, 89ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ಇಂಡಿಯನ್ ಕಂಪನಿಯ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ಅದಕ್ಕೂ ಮೊದಲೇ, 1953ರಲ್ಲಿ, ಬಂಡಿಗಳ ತಯಾರಿಕೆಯನ್ನು ನಿಲ್ಲಿಸಿತ್ತು.